ರಜಿಸ್ಟರ್‌ನಲ್ಲಿ ಮೊದಲೇ ಬರೆದಿದ್ದ ಅಂಕಿ: ಬಾಗಲಕೋಟೆಯ ಒಂದು ಆಪ್ತಸಲಹೆ ಪ್ರಕರಣ

ಸಲಹೆಗೆಂದು ನನ್ನ ಹತ್ತಿರ ಬಂದವರೊಬ್ಬರ ಹೆಸರು ಮತ್ತು ಗುರುತು ಸಿಗುವ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಜೀವನ್ ಎನ್ನೋಣ.

ಜೀವನ್ ಸಿವಿಲ್ ಎಂಜಿನಿಯರ್. ಖಾಸಗಿ ಗುತ್ತಿಗೆದಾರರೊಬ್ಬರ ಹತ್ತಿರ ಕಾಂಕ್ರೀಟಿನ ಗುಣಮಟ್ಟ ನೋಡಿಕೊಳ್ಳುವ ಕೆಲಸ, ಜೊತೆಗೆ ಎಂ.ಟೆಕ್ ಓದು. ಹೆಂಡತಿ ನರ್ಸ್, ಆಗ ಐದು ತಿಂಗಳ ಬಸುರಿ. ನಿದ್ದೆ ಇಲ್ಲ, ಎದೆ ಉರಿ, ಸುಮ್ಸುಮ್ನೆ ಸಿಟ್ಟು. ಡಾಕ್ಟರ್ ಹತ್ತಿರ ಹೋದರೆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಅವರ ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ, ನನ್ನ ಹತ್ತಿರ ಕಳಿಸಿದರು. ನಾನೂ ಚರ್ಚಿಗೆ ಹೋಗುವವಳೇ ಎಂಬುದು ಅವರಿಗೆ ಗೊತ್ತಿತ್ತು.

ಮೊದಲ ಭೇಟಿಯಲ್ಲಿ ಅವರು ನಿದ್ದೆಯ ಮಾತು ಬೇಗ ಮುಗಿಸಿದರು. ತಂದಿದ್ದ ಪ್ರಶ್ನೆ ಬೇರೆಯೇ ಇತ್ತು.

“ಮೇಡಂ, ನನ್ನ ನಂಬಿಕಿ ನನ್ನ ಓದಿನ್ಯಾಗ, ಕೆಲಸದಾಗ ಕಾಣವಲ್ದು. ಇನ್ನೂ ಏನ್ ಮಾಡ್ಬೇಕ್ರಿ ನಾ?”

ಈಗಾಗಲೇ ಬಹಳ ಮಾಡುತ್ತಿದ್ದರು. ಟೇಬಲ್ ಮೇಲೆ ಬೈಬಲ್ ವಚನದ ಕಾರ್ಡು. ಕಾಂಕ್ರೀಟ್ ಹಾಕುವ ದಿನ ಕೂಲಿಯವರನ್ನೆಲ್ಲ ನಿಲ್ಲಿಸಿಕೊಂಡು ಪ್ರಾರ್ಥನೆ. ಎಂ.ಟೆಕ್ ಪ್ರಬಂಧದ ಕೃತಜ್ಞತೆ ಪುಟದಲ್ಲಿ ಕರ್ತನಿಗೆ, ಅಂದರೆ ಯೇಸುವಿಗೆ ಮೊದಲ ಸ್ಥಾನ. ಪ್ರಬಂಧಕ್ಕೆ ಸೃಷ್ಟಿಯ ಬಗ್ಗೆ ಒಂದು ಅಧ್ಯಾಯ ಸೇರಿಸಲೇ ಅಂತಲೂ ಯೋಚಿಸುತ್ತಿದ್ದರು. ಇಷ್ಟಾದರೂ ಸಮಾಧಾನ ಇಲ್ಲ. ಕೆಲಸ ಬಿಟ್ಟು ಬೈಬಲ್ ಕಾಲೇಜು ಸೇರಿ ಪೂರ್ಣಾವಧಿ ಸೇವೆಗೆ ಹೋದರೆ ಸರಿಯಾಗುತ್ತದೇನೋ ಎಂಬ ಆಸೆ ಬೇರೆ.

ಮುಂದಿನ ಭೇಟಿಯಲ್ಲಿ ಭಾನುವಾರದ ಆರಾಧನೆ ಬಗ್ಗೆ ಕೇಳಿದೆ. “ಚರ್ಚಿಗೆ ಹೋಗ್ತೀನ್ರಿ. ಆದ್ರ ಕರ್ತನ ಭೋಜನಕ್ಕ ಎದ್ದು ಹೋಗೂದಿಲ್ಲ. ಕುಂತಲ್ಲೇ ಕುಂದಿರ್ತೀನಿ.” ಕರ್ತನ ಭೋಜನ ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ. ಯಾವಾಗಿನಿಂದ ಅಂದೆ. “ಆ ಸ್ಲ್ಯಾಬ್ ಹಾಕಿದಾಗಿಂದ್ರಿ.”

ಆಮೇಲೆ ಫೋನ್ ತೆಗೆದು ಕ್ಯೂಬ್ ರಜಿಸ್ಟರಿನ ಒಂದು ಪುಟ ತೋರಿಸಿದರು. ಗೊತ್ತಿಲ್ಲದವರಿಗೆ ಹೇಳಬೇಕು: ಕಾಂಕ್ರೀಟ್ ಹಾಕುವಾಗಲೇ ಅದರ ಮಾದರಿಯನ್ನು 15 ಸೆಂಟಿಮೀಟರಿನ ಕಬ್ಬಿಣದ ಘನಾಕಾರದ ಅಚ್ಚುಗಳಲ್ಲಿ ತುಂಬಿಡುತ್ತಾರೆ. ಆ ತುಂಡುಗಳೇ ಕ್ಯೂಬ್. ಮಾರನೇ ದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ ಹಾಕುತ್ತಾರೆ. 28ನೇ ದಿನ ಯಂತ್ರಕ್ಕೆ ಕೊಟ್ಟು ಒಡೆದು, ಎಷ್ಟು ಭಾರ ತಡೆಯಿತು ಎಂದು ಬರೆಯುತ್ತಾರೆ. ಮೂರು ಕ್ಯೂಬಿನ ಸರಾಸರಿ ಒಂದು ಫಲಿತಾಂಶ. ಜೀವನ್ ತೋರಿಸಿದ ಪುಟದಲ್ಲಿ ಕಾಂಕ್ರೀಟ್ ಹಾಕಿದ ದಿನ 3, ಪರೀಕ್ಷೆಯ ದಿನ 31. ಫೋಟೋ ತೆಗೆದದ್ದು ಅದೇ ತಿಂಗಳ 12ರಂದು. ಫಲಿತಾಂಶದ ಕಾಲಂ ಆಗಲೇ ತುಂಬಿತ್ತು: 26.9, 27.1, 27.0. ಕೆಳಗೆ ಅವರ ಸಹಿ.

“ಖರೇ ಕ್ಯೂಬ್ ಹಿಂಗ ಒಂದ ಸಮ ಒಡಿಯೂದಿಲ್ರಿ,” ಅಂದರು. “ಅವತ್ತ ತೊಟ್ಟ್ಯಾಗ ಕ್ಯೂಬೇ ಇರಲಿಲ್ಲ.” ಕಟ್ಟುತ್ತಿದ್ದದ್ದು ಮಕ್ಕಳ ಹಾಸ್ಟೆಲ್.

ಅವರು ಕೇಳಿದ ಪ್ರಶ್ನೆಗೆ ಉತ್ತರ ಆ ಪುಟದಲ್ಲೇ ಇತ್ತು, ಅಲ್ವಾ? ನಂಬಿಕೆಯನ್ನು ಕೆಲಸದೊಳಗೆ ಹೇಗೆ ತರಲಿ ಅಂತ ಹುಡುಕುತ್ತಿದ್ದರು. ಅದು ಆಗಲೇ ಅಲ್ಲಿತ್ತು, ಅವರನ್ನು ರಾತ್ರಿ ಮಲಗಗೊಡದೆ ಕಾಡುತ್ತಿತ್ತು. ಕಾರ್ಡು, ಪ್ರಾರ್ಥನೆ, ಹೊಸ ಅಧ್ಯಾಯ ಎಲ್ಲ ಆ ಸಹಿಯ ಮೇಲೆ ಹಾಕಿದ ಸುಣ್ಣದಂತಿತ್ತು. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ಒಂದು ಎಚ್ಚರಿಕೆ. ಎಲ್ಲ ಆತಂಕವೂ ಮನಸ್ಸಾಕ್ಷಿಯ ಕೂಗಲ್ಲ. ಯಾವ ತಪ್ಪೂ ಮಾಡದೆ ಪಾಪದ ಭಯದಲ್ಲಿ ನರಳುವವರೂ ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹೀಗೆ ಹೇಳಿದರೆ ಗಾಯ ಇನ್ನೂ ದೊಡ್ಡದಾಗುತ್ತದೆ. ಜೀವನ್ ವಿಷಯದಲ್ಲಿ ತಾರೀಕು, ಸಹಿ, ಕಟ್ಟಡ ಮೂರೂ ಕಣ್ಣೆದುರಿಗಿದ್ದವು. ಹಾಗಿದ್ದರೂ ನಿದ್ದೆಗೆ ಡಾಕ್ಟರ್ ಸಲಹೆ ಮುಂದುವರಿಸಿ ಅಂದೆ. ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಲು ಹೇಳಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಬೈಬಲ್ ಕಾಲೇಜಿನ ಮಾತಿಗೆ ಲೂಕನ ಸುವಾರ್ತೆಯ 3ನೇ ಅಧ್ಯಾಯ ಜೊತೆಗೇ ಓದಿದೆವು. ಸುಂಕದವರು ಸ್ನಾನಿಕ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಸುಂಕದ ಕೆಲಸ ಬಿಡಿ ಅಂತ ಯೋಹಾನ ಹೇಳುವುದಿಲ್ಲ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಬೇಡಿ ಅನ್ನುತ್ತಾನೆ. ಸಿಪಾಯಿಗಳಿಗೂ ಅಷ್ಟೇ: ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ನಿಮ್ಮ ಸಂಬಳ ಸಾಕೆನ್ನಿ. ಜೀವನ್ ಆ ಭಾಗವನ್ನು ಚಿಕ್ಕಂದಿನಿಂದ ಕೇಳಿದ್ದರು. ತನ್ನ ರಜಿಸ್ಟರಿನ ಪಕ್ಕ ಇಟ್ಟು ಓದಿದ್ದು ಅದೇ ಮೊದಲು. ಪೂರ್ಣಾವಧಿ ಸೇವೆಗೆ ಕರೆ ಇದ್ದರೆ ಅದು ಒಳ್ಳೆಯದೇ. ಆದರೆ ಓಡಿಹೋಗುವವರಿಗೆ ಅದು ಬಾಗಿಲಾಗಬಾರದು ಅಂದೆ.

ಓದಿನ ವಿಷಯಕ್ಕೆ ಕಿಟೆಲ್ ನೆನಪಾದರು. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಜರ್ಮನ್ ಪಾದ್ರಿ. 1872ರಲ್ಲಿ ಜೈನ ಕವಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. 1894ರಲ್ಲಿ ಅವರ ನಿಘಂಟು ಬಂತು. ಅದರಲ್ಲಿ ಹಳಗನ್ನಡ ಕಾವ್ಯಗಳ ಪ್ರಯೋಗಗಳಿವೆ, ಊರ ಗಾದೆಗಳಿವೆ. ಉಪದೇಶ ಮಾಡಲು ಆ ಪುಟಗಳನ್ನು ಅವರು ಬಳಸಿಕೊಳ್ಳಲಿಲ್ಲ. ಬೇರೆಯವರ ಮಾತನ್ನು ಬೇರೆಯವರು ಆಡಿದ ಹಾಗೇ ದಾಖಲಿಸಿದರು. ಅದಕ್ಕೇ ಇವತ್ತಿಗೂ ಎಲ್ಲ ಕನ್ನಡಿಗರೂ ಅದನ್ನು ನೆಚ್ಚುತ್ತಾರೆ. ದೇವರ ಹೆಸರು ಹೇಳಿಕೊಂಡು ಮಾಡುವ ಓದು ಹೀಗಿರಬೇಕು ಎಂದೇ ನಾನು ನಂಬಿದ್ದೇನೆ.

ಜೀವನ್ ಪ್ರಬಂಧ ಕಬ್ಬಿನ ಸಿಪ್ಪೆ ಸುಟ್ಟ ಬೂದಿಯ ಮೇಲೆ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಗಳಿರುವುದರಿಂದ ಆ ಬೂದಿಗೆ ಬರವಿಲ್ಲ. ಸಿಮೆಂಟಿನ ಒಂದು ಪಾಲಿನ ಬದಲು ಅದನ್ನು ಹಾಕಿದರೆ ಗಟ್ಟಿತನ ಎಷ್ಟು ಉಳಿಯುತ್ತದೆ ಎಂಬುದು ವಿಷಯ. ಒಂದು ಬ್ಯಾಚಿನ ಫಲಿತಾಂಶ ಉಳಿದವಕ್ಕೆ ಹೊಂದುತ್ತಿರಲಿಲ್ಲ. ಗೆಳೆಯರು ಗ್ರಾಫಿನಿಂದ ತೆಗೆದುಬಿಡು ಅಂದಿದ್ದರು. ಸೃಷ್ಟಿಯ ಅಧ್ಯಾಯ ಬೇಡ, ಆ ಬ್ಯಾಚ್ ಇರಲಿ ಅಂದೆ. ಯಾಕೆ ಹಾಗಾಯಿತು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಬರೆಯಿರಿ ಅಂದೆ.

ಕೂಲಿಯವರ ಜೊತೆಗಿನ ಪ್ರಾರ್ಥನೆ ನಿಲ್ಲಿಸಲು ಹೇಳಿದ್ದು ಅವರಿಗೆ ನೋವು ತಂದಿತು. ಆದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಎಂಜಿನಿಯರ್ ಕರೆದರೆ ಯಾರು ಬರಲ್ಲ ಅಂತಾರೆ? ಅಲ್ಲಿ ಬೇರೆ ಬೇರೆ ದೇವರನ್ನು ನಂಬುವವರಿದ್ದರು. ನೀವೊಬ್ಬರೇ ಪ್ರಾರ್ಥಿಸಿ, ಅವರಿಗೆ ಹೆಲ್ಮೆಟ್ ಕೊಡಿಸಿ, ಪಗಾರ ಹೊತ್ತಿಗೆ ಸಿಗುವ ಹಾಗೆ ನೋಡಿ ಅಂದೆ.

ರಜಿಸ್ಟರಿನ ಬಗ್ಗೆ ಕೊಟ್ಟ ಸಲಹೆ ಇಷ್ಟು. ಇವತ್ತಿನಿಂದ ಕಣ್ಣಾರೆ ನೋಡದ ಪರೀಕ್ಷೆಗೆ ಸಹಿ ಬೇಡ. ಹಿಂದೆ ಹಾಕಿದ ಸಹಿಗಳಲ್ಲಿ ಯಾವ ಸ್ಲ್ಯಾಬಿಗೆ ಕ್ಯೂಬ್ ಇರಲಿಲ್ಲ ಎಂದು ಪಟ್ಟಿ ಮಾಡಿ. ಮೊದಲು ಮೇಲಿನವರಿಗೆ ಇಮೇಲ್ ಬರೆಯಿರಿ. ಯಾರ ಮೇಲೂ ಆರೋಪ ಬೇಡ, ಆದದ್ದನ್ನು ಮತ್ತು ಮುಂದಿನ ದಾರಿಯನ್ನು ಹೇಳಿ. ದಾರಿ ಇದ್ದೇ ಇತ್ತು, ಅದನ್ನು ನನಗೆ ವಿವರಿಸಿದವರೂ ಅವರೇ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐ.ಎಸ್. 456ರ ಪ್ರಕಾರ ಅನುಮಾನ ಬಂದ ಕಾಂಕ್ರೀಟಿನಿಂದ ಕನಿಷ್ಠ ಮೂರು ಕೋರ್, ಅಂದರೆ ಉರುಳೆಯಾಕಾರದ ತುಂಡು, ಕೊರೆದು ತೆಗೆದು ಪರೀಕ್ಷಿಸಬಹುದು. ಸರಾಸರಿ ಬೇಕಾದ ಬಲದ ಶೇ. 85 ಆದರೂ ಇರಬೇಕು, ಯಾವ ಕೋರೂ ಶೇ. 75ಕ್ಕಿಂತ ಕೆಳಗೆ ಇರಬಾರದು. ಮೇಲಿನವರು ಕಿವಿಗೆ ಹಾಕಿಕೊಳ್ಳದಿದ್ದರೆ ಕಟ್ಟಡ ಕಟ್ಟಿಸುತ್ತಿರುವವರ ಎಂಜಿನಿಯರಿಗೆ ತಿಳಿಸಲೇಬೇಕು, ಅಲ್ಲಿ ಮಲಗುವವರು ಮಕ್ಕಳು. ಸಿಟ್ಟಿನಲ್ಲಿ ರಾಜೀನಾಮೆ ಬೇಡ. ಹೆಂಡತಿಗೆ ಎಲ್ಲ ಹೇಳಿ, ಮೂರ್ನಾಲ್ಕು ತಿಂಗಳ ಮನೆ ಖರ್ಚಿನ ಲೆಕ್ಕ ಜೊತೆಗೆ ಕೂತು ಹಾಕಿ. ಕ್ಷಮೆಯ ಮಾತು ನಾನು ಆಡುವಂಥದ್ದಲ್ಲ. ಅದಕ್ಕೆ ಸಭಾಪಾಲಕರ ಹತ್ತಿರ ಹೋಗಿ ಅಂದೆ.

ಇಮೇಲ್ ಹೋಯಿತು. ಆಫೀಸಿನಲ್ಲಿ ಬೈಗುಳ ತಿಂದರು. ಅವರನ್ನು ಬೇರೆ ಸೈಟಿನ ಬಿಲ್ಲಿಂಗ್ ವಿಭಾಗಕ್ಕೆ ಹಾಕಿದರು. ಹಳೆಯ ಸ್ನೇಹಿತರಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಆಮೇಲೆ ಕೋರ್ ಪರೀಕ್ಷೆ ನಡೆಯಿತು: ಒಂದು ಸ್ಲ್ಯಾಬ್ ಪಾಸಾಯಿತು, ಇನ್ನೊಂದು ಆಗಲಿಲ್ಲ. ಅದರ ಕೆಳಗೆ ಈಗ ಜಾಕಿ ಕೊಟ್ಟಿದ್ದಾರೆ, ಬಲಪಡಿಸುವ ಮಾತು ನಡೆದಿದೆ. ಹೊಂದದ ಬ್ಯಾಚನ್ನು ಉಳಿಸಿಕೊಂಡೇ ಪ್ರಬಂಧ ಸಲ್ಲಿಸಿದ್ದಾರೆ. ಕರ್ತನ ಭೋಜನಕ್ಕೆ ಎದ್ದು ಹೋಗುತ್ತಿದ್ದಾರೆ. ನಿದ್ದೆ ಮೊದಲಿಗಿಂತ ಪರವಾಗಿಲ್ಲ, ಪೂರ್ತಿ ಸರಿಯಾಗಿಲ್ಲ.

ಅವರ ಅಪ್ಪನಿಗೆ ಮಾತ್ರ ಸಿಟ್ಟು ಇಳಿದಿಲ್ಲ. “ಮನ್ಯಾಗ ಕೂಸು ಬರೂ ಹೊತ್ತಿನ್ಯಾಗ ಇವಗ ಇದೆಲ್ಲಾ ಬೇಕಾಗಿತ್ತೇನ್ರಿ?” ಅಂತ ನನಗೇ ಫೋನ್ ಮಾಡಿ ಕೇಳಿದರು. ಅವರ ಭಯ ಸುಳ್ಳಲ್ಲ. ಜೀವನ್ ಬೆಳಗಾವಿಯಲ್ಲಿ ಬೇರೆ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ, ಇನ್ನೂ ಕರೆ ಬಂದಿಲ್ಲ. ಮುಂದಿನ ಭೇಟಿಗೆ ಅಪ್ಪನನ್ನೂ ಹೆಂಡತಿಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.