ಸ್ಕಾಲರ್‌ಶಿಪ್ ಇಲ್ಲ, ಜಾಹೀರಾತು ದುಡ್ಡಿದೆ ಅಂದರೆ ನಂಬಬಹುದಾ?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು, ಈಗ ಟೆಕ್ಸಾಸಿನ ಫ್ರಿಸ್ಕೋದಲ್ಲಿದ್ದೇವೆ. ಮಗ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕಿಕ್ಕರ್, ಅಂದರೆ ಚೆಂಡು ಒದೆಯುವವನು. ಬೇರೆ ರಾಜ್ಯದ ದೊಡ್ಡ ಯೂನಿವರ್ಸಿಟಿಯ ಕೋಚ್ ಫೋನ್ ಮಾಡಿದ್ದರು. "ಸ್ಕಾಲರ್‌ಶಿಪ್ ಕೊಡೋಕೆ ಆಗಲ್ಲ, ವಾಕ್-ಆನ್ ಆಗಿ (ಸ್ವಂತ ಖರ್ಚಿನಲ್ಲಿ ತಂಡ ಸೇರುವವನಾಗಿ) ಬರಲಿ, ಜಾಹೀರಾತು ದುಡ್ಡಿನಲ್ಲಿ ಫೀಸು ಕಟ್ಟಿಕೊಳ್ಳಬಹುದು" ಅಂದರು. ನಮ್ಮವರಿಗೆ ಖುಷಿಯೋ ಖುಷಿ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ಈಗ ಸ್ಕಾಲರ್‌ಶಿಪ್‌ಗೆ ಮಿತಿಯೇ ಇಲ್ಲ ಅಂತಾರಲ್ಲ, ಹಾಗಿದ್ದರೆ ನಮ್ಮ ಹುಡುಗನಿಗೆ ಯಾಕಿಲ್ಲ?
– ಒಬ್ಬ ತಾಯಿ, ಫ್ರಿಸ್ಕೋ

ಉತ್ತರ: ನಿಮ್ಮ ಭಯದಲ್ಲಿ ಅರ್ಥವಿದೆ. ಅಮೆರಿಕದ ಒಂದು ಯೂನಿವರ್ಸಿಟಿಯ ಹಣಸಹಾಯದ ಕಚೇರಿಯಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದವಳು. ನನ್ನ ಕೌಂಟರಿಗೆ ಬಂದವರಲ್ಲಿ ನನಗೆ ಜಾಸ್ತಿ ಸಂಕಟ ಆಗುತ್ತಿದ್ದದ್ದು ಈ ವಾಕ್-ಆನ್ ಹುಡುಗರನ್ನು ನೋಡಿದಾಗ. ಸ್ಕಾಲರ್‌ಶಿಪ್ ಹುಡುಗರ ಜೊತೆಗೇ ಬೆಳಗಿನ ಜಾವ ಎದ್ದು ಪ್ರಾಕ್ಟೀಸು, ಅದೇ ಜಿಮ್ಮು, ಅದೇ ಪೆಟ್ಟು. ಸೆಮಿಸ್ಟರ್ ಶುರುವಾದಾಗ ಸಾಲದ ಅರ್ಜಿ ಹಿಡಿದು ಬರುತ್ತಿದ್ದವರು ಮಾತ್ರ ಇವರು.

ಮೊದಲು ಲೆಕ್ಕ ನೋಡೋಣ. 1994ರಿಂದ ಮೇಲ್ದರ್ಜೆಯ ಕಾಲೇಜು ಫುಟ್‌ಬಾಲ್ ತಂಡವೊಂದು ಒಟ್ಟು 85 ಜನಕ್ಕೆ ಮಾತ್ರ ಸ್ಕಾಲರ್‌ಶಿಪ್ ಕೊಡಬಹುದಿತ್ತು. ತಂಡದಲ್ಲಿ 120 ಜನ ಇದ್ದರೂ ಸರಿ, ಮಿಕ್ಕವರು ಕೈಯಿಂದ ಫೀಸು ಕಟ್ಟಬೇಕು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ, ಗುರುತನ್ನು ಕಂಪನಿಗಳಿಗೆ ಕೊಟ್ಟು ದುಡ್ಡು ಮಾಡಬಹುದು ಅಂತ ಆಯಿತು. ಎಲ್ಲರ ಬಾಯಲ್ಲೂ ಇರುವ ಎನ್‌ಐಎಲ್ ಇದೇ. ಒಂದೂವರೆ ತಿಂಗಳೂ ಆಗಿರಲಿಲ್ಲ, ಯೂಟಾ ರಾಜ್ಯದ ಪ್ರೋವೋ ಊರಿನ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ (ಬಿವೈಯು) 85ರ ಬೇಲಿಗೆ ಮೊದಲ ದಾರಿ ಬಿತ್ತು. ಬಿಲ್ಟ್ ಅನ್ನುವ ಪ್ರೋಟೀನ್ ಬಾರ್ ಕಂಪನಿ ಇಡೀ ತಂಡದ ಜೊತೆ ಒಪ್ಪಂದ ಮಾಡಿಕೊಂಡಿತು. 36 ವಾಕ್-ಆನ್ ಹುಡುಗರಿಗೆ ಇಡೀ ವರ್ಷದ ಫೀಸಿನಷ್ಟು ದುಡ್ಡು. ಬದಲಿಗೆ ಪ್ರಾಕ್ಟೀಸಿನ ಹೆಲ್ಮೆಟ್ ಮೇಲೆ ಕಂಪನಿಯ ಹೆಸರು, ಕಂಪನಿಯ ಕಾರ್ಯಕ್ರಮಗಳಿಗೆ ಹಾಜರಿ. ಕೋಚ್ ಕಲಾನಿ ಸಿಟಾಕೆ ಅದನ್ನು ಹೇಳಿದ ಕೂಡಲೇ ಹುಡುಗರು ಕುಣಿದು ಒಬ್ಬರನ್ನೊಬ್ಬರು ತಬ್ಬಿಕೊಂಡ ವಿಡಿಯೊ ಊರೆಲ್ಲ ಓಡಾಡಿತು. ಕಾಗದದ ಮೇಲೆ ಸ್ಕಾಲರ್‌ಶಿಪ್ 85 ದಾಟಲಿಲ್ಲ. ಫೀಸಿನ ಚಿಂತೆ ಮಾತ್ರ ಆ 36 ಮನೆಗಳಲ್ಲಿ ಇಳಿಯಿತು. ನನಗೆ ಅದು ನಿಜವಾಗಿಯೂ ಸಂತೋಷದ ಸುದ್ದಿ. ಆದರೆ ಒಂದು ವಿಷಯ ಗಮನಿಸಿ. ಬಿವೈಯು ಚರ್ಚಿನ ಯೂನಿವರ್ಸಿಟಿ, ಅಲ್ಲಿಯ ಫೀಸು ಬಹಳ ಕಡಿಮೆ. ನಿಮ್ಮ ಮಗ ಹೋಗುವಲ್ಲಿ ಹೊರರಾಜ್ಯದವರ ಫೀಸು ಅದರ ಎಷ್ಟು ಪಟ್ಟು ಅಂತ ನೋಡಿಕೊಳ್ಳಿ.

ಆಮೇಲೆ ಟೆಕ್ಸಾಸ್ ಟೆಕ್ ಯೂನಿವರ್ಸಿಟಿಯ ಅಭಿಮಾನಿಗಳ ಮ್ಯಾಟಡೋರ್ ಕ್ಲಬ್ 2022ರಲ್ಲಿ ವಾಕ್-ಆನ್‌ಗಳನ್ನೂ ಸೇರಿಸಿ ನೂರಕ್ಕೂ ಹೆಚ್ಚು ಆಟಗಾರರಿಗೆ ತಲಾ 25,000 ಡಾಲರ್ ಕೊಡುವುದಾಗಿ ಹೇಳಿತು. ಯೂಟಾ ಯೂನಿವರ್ಸಿಟಿಯಲ್ಲಿ 2023ರಲ್ಲಿ ನಡೆದದ್ದು ಬೇರೆ. ಅಲ್ಲಿ 85 ಸ್ಕಾಲರ್‌ಶಿಪ್ ಹುಡುಗರಿಗೆ ಓಡಿಸಲು ಹೊಸ ರ‍್ಯಾಮ್ ಟ್ರಕ್ ಸಿಕ್ಕಿತು. 86ನೆಯವನು ಆ ಪಟ್ಟಿಯಲ್ಲಿ ಇರಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲೆ ಆಟಗಾರರು ಹಾಕಿದ್ದ 'ಹೌಸ್' ಕೇಸಿನ ರಾಜಿಗೆ ಒಪ್ಪಿಗೆ ಕೊಟ್ಟರು. ರಾಜಿಗೆ ಸೇರಿದ ಕಾಲೇಜುಗಳಲ್ಲಿ 85ರ ಮಿತಿ ಹೋಯಿತು. ಅದರ ಜಾಗಕ್ಕೆ ಬಂದದ್ದು ತಂಡದ ಗಾತ್ರದ ಮಿತಿ: 105. ಈ 105 ಜನಕ್ಕೂ ಸ್ಕಾಲರ್‌ಶಿಪ್ ಕೊಡಬಹುದು. ಕೊಡಲೇಬೇಕು ಅಂತ ಎಲ್ಲೂ ಇಲ್ಲ. ಅದೇ ರಾಜಿಯ ಪ್ರಕಾರ ಕಾಲೇಜು ತಾನೇ ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು. 2025-26ಕ್ಕೆ ಅದರ ಮಿತಿ ಎಲ್ಲ ಆಟಗಳಿಗೂ ಸೇರಿ ಸುಮಾರು 2.05 ಕೋಟಿ ಡಾಲರ್. ಹೊಸದಾಗಿ ಸೇರಿಸಿದ ಸ್ಕಾಲರ್‌ಶಿಪ್‌ಗಳ ಖರ್ಚಿನಲ್ಲಿ 25 ಲಕ್ಷ ಡಾಲರ್‌ವರೆಗೆ ಇದೇ ಮಿತಿಯೊಳಗೆ ಬರುತ್ತದೆ. ಅಂದರೆ ನಿಮ್ಮ ಮಗನಿಗೆ ಕೊಡುವ ಹೊಸ ಸ್ಕಾಲರ್‌ಶಿಪ್, ತಂಡದ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕ್‌ಗೆ ಕೊಡುವ ದುಡ್ಡಿನಲ್ಲಿ ಕಡಿತ. ಹೊರಗಿನ ಕಂಪನಿ ಕೊಡುವ ಜಾಹೀರಾತು ದುಡ್ಡು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಕೋಚ್ ನಿಮಗೆ ಆ ದಾರಿ ತೋರಿಸಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಇದರಲ್ಲಿ ಪೆಟ್ಟು ತಿಂದವರು ವಾಕ್-ಆನ್‌ಗಳೇ. ಮೊದಲು ತಂಡದಲ್ಲಿ ಎಷ್ಟು ಜನ ಬೇಕಾದರೂ ಇರಬಹುದಿತ್ತು. ನೆಬ್ರಾಸ್ಕಾದಂಥ ಕಡೆ ಸಣ್ಣ ಸಣ್ಣ ಊರಿನ ರೈತರ ಮಕ್ಕಳು ಸ್ವಂತ ಖರ್ಚಿನಲ್ಲಿ ಬಂದು ಸೇರುವುದು ದೊಡ್ಡ ಪರಂಪರೆ. ಮುಂದೆ ಹೌಸ್ಟನ್ ಟೆಕ್ಸನ್ಸ್ ಅನ್ನುವ ವೃತ್ತಿಪರ ತಂಡದಲ್ಲಿ ಹೆಸರು ಮಾಡಿದ ಜೆ. ಜೆ. ವಾಟ್ ವಿಸ್ಕಾನ್ಸಿನ್ ಯೂನಿವರ್ಸಿಟಿಗೆ ವಾಕ್-ಆನ್ ಆಗಿಯೇ ಬಂದವರು. ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2017ರಲ್ಲಿ ಗೆದ್ದ ಬೇಕರ್ ಮೇಫೀಲ್ಡ್ ಕೂಡ ಹಾಗೇ ಶುರು ಮಾಡಿದವರು. 105ರ ಮಿತಿ ಬರುತ್ತದೆ ಅಂತ ಗೊತ್ತಾದ ಕೂಡಲೇ ಕಾಲೇಜುಗಳು ಹುಡುಗರನ್ನು ಕೈಬಿಡತೊಡಗಿದವು. ಹೀಗೆ ಜಾಗ ಕಳೆದುಕೊಂಡವರಿಗೆ ರಕ್ಷಣೆ ಕೊಡುವವರೆಗೂ ವಿಲ್ಕನ್ ಅವರು ಒಪ್ಪಿಗೆಯನ್ನೇ ತಡೆಹಿಡಿದರು. ಅವರ ಬಗ್ಗೆ ನನಗೆ ಅದಕ್ಕಾಗಿಯೇ ಗೌರವ. ಆ ಹುಡುಗರನ್ನು ಈಗ ಮಿತಿಯ ಲೆಕ್ಕಕ್ಕೆ ಸೇರಿಸದೆ ಆಡಿಸಬಹುದು. ಹೊಸಬನಾದ ನಿಮ್ಮ ಮಗನಿಗೆ ಆ ರಕ್ಷಣೆ ಇಲ್ಲ.

ಇನ್ನು ಕೈಗೆ ಬರುವ ದುಡ್ಡಿನ ವಿಚಾರ. ಸ್ಕಾಲರ್‌ಶಿಪ್‌ನಲ್ಲಿ ಫೀಸು ಮತ್ತು ಪುಸ್ತಕದ ಭಾಗಕ್ಕೆ ತೆರಿಗೆ ಇಲ್ಲ. ಜಾಹೀರಾತು ದುಡ್ಡು ಸ್ವಂತ ದುಡಿಮೆಯ ಆದಾಯ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ನಿಜ, ಆದರೆ ಅವನು ಬೇರೆ ರಾಜ್ಯದಲ್ಲಿ ದುಡಿಯುತ್ತಾನೆ, ಅಲ್ಲಿಯ ತೆರಿಗೆ ಬೀಳಬಹುದು. ಕೇಂದ್ರದ ಆದಾಯ ತೆರಿಗೆಯ ಜೊತೆಗೆ ಶೇ. 15.3ರ ಸ್ವ-ಉದ್ಯೋಗ ತೆರಿಗೆಯೂ ಬೀಳುತ್ತದೆ. 20,000 ಡಾಲರ್ ಬಂದರೆ 20,000 ಡಾಲರ್ ಫೀಸು ಕಟ್ಟಬಹುದು ಅಂದುಕೊಳ್ಳಬೇಡಿ. ಮತ್ತೆ ಆ ಆದಾಯವನ್ನು ಎಫ್‌ಎಎಫ್‌ಎಸ್‌ಎ ಅನ್ನುವ ಸರಕಾರಿ ಹಣಸಹಾಯದ ಅರ್ಜಿಯಲ್ಲಿ ತೋರಿಸಬೇಕು. ನಿಮಗೆ ಅಗತ್ಯದ ಮೇಲೆ ಸಿಗುವ ಸಹಾಯ ಏನಾದರೂ ಇದ್ದರೆ, ಈ ವರ್ಷದ ದುಡ್ಡು ಎರಡು ವರ್ಷ ಬಿಟ್ಟು ಅದನ್ನು ಕಡಿಮೆ ಮಾಡಬಹುದು. ನನ್ನ ಕೌಂಟರಿನಲ್ಲಿ ತಂದೆತಾಯಿ ಬೆಚ್ಚಿಬೀಳುತ್ತಿದ್ದದ್ದು ಈ ಮಾತಿಗೇ.

ಕೋಚ್‌ಗೆ ಫೋನ್ ಮಾಡಿ ಕೇಳಿ: ಇವನು 105ರೊಳಗೆ ಇದ್ದಾನಾ, ಅದನ್ನು ಬರಹದಲ್ಲಿ ಕೊಡುತ್ತೀರಾ? ಜಾಹೀರಾತು ಕೊಡುವ ಕಂಪನಿ ಯಾವುದು, ಒಪ್ಪಂದ ಎಷ್ಟು ತಿಂಗಳಿಗೆ, ಮೊಣಕಾಲು ಪೆಟ್ಟಾದರೆ ದುಡ್ಡು ನಿಲ್ಲುತ್ತದಾ? 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯ ಹೊರಗಿನ ಒಪ್ಪಂದಗಳನ್ನು ಎನ್‌ಐಎಲ್ ಗೋ ಅನ್ನುವ ವ್ಯವಸ್ಥೆಗೆ ತೋರಿಸಬೇಕು. ಅಲ್ಲಿ ಒಪ್ಪಿಗೆ ಸಿಗುವ ಮುಂಚೆ ಆ ದುಡ್ಡನ್ನು ನಂಬಿ ಮನೆಸಾಲ ತೆಗೆಯಬೇಡಿ. ಕೋಚ್ ಬಾಯಿಮಾತಿನಲ್ಲೇ ಉಳಿದರೆ, ಸ್ವಲ್ಪ ಸಣ್ಣ ಕಾಲೇಜು ಅರ್ಧ ಸ್ಕಾಲರ್‌ಶಿಪ್ ಕೊಟ್ಟರೂ ನಾನಾಗಿದ್ದರೆ ಅಲ್ಲಿಗೇ ಕಳಿಸುತ್ತಿದ್ದೆ.

ಪ್ರಶ್ನೆ: 85 ಅನ್ನುವ ಸಂಖ್ಯೆ ಬಂದದ್ದಾದರೂ ಎಲ್ಲಿಂದ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಹಂತ ಹಂತವಾಗಿ ಇಳಿದು ಬಂತು. 1973ರಲ್ಲಿ 105, 1978ರಲ್ಲಿ 95, ತೊಂಬತ್ತರ ದಶಕದಲ್ಲಿ 85. ಖರ್ಚು ಕಡಿಮೆ ಮಾಡಬೇಕಿತ್ತು. ಜೊತೆಗೆ, ಶ್ರೀಮಂತ ಕಾಲೇಜುಗಳು ತಮಗೆ ಬೇಡದ ಒಳ್ಳೆಯ ಆಟಗಾರರನ್ನೂ ಸುಮ್ನೆ ಬೆಂಚಿನಲ್ಲಿ ಕೂರಿಸಿಕೊಳ್ಳುವುದನ್ನು ತಪ್ಪಿಸಬೇಕಿತ್ತು.

ಪ್ರಶ್ನೆ: ನನ್ನ ತಂಗಿಯ ಮಗಳು ಟೆನಿಸ್ ಆಡುತ್ತಾಳೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಹೋಗುವ ಯೋಚನೆ. ಅಲ್ಲಿ ಜಾಹೀರಾತು ದುಡ್ಡು ತೆಗೆದುಕೊಳ್ಳಬಹುದಾ?
– ಮೈಸೂರಿನ ಓದುಗರು

ಉತ್ತರ: ಸ್ಕಾಲರ್‌ಶಿಪ್ ತೆಗೆದುಕೊಳ್ಳಲು ತೊಂದರೆಯೇ ಇಲ್ಲ. ಮೊದಲು ಹೆಣ್ಣುಮಕ್ಕಳ ಟೆನಿಸ್ ತಂಡಕ್ಕೆ 8 ಸ್ಕಾಲರ್‌ಶಿಪ್ ಇತ್ತು. ರಾಜಿಗೆ ಸೇರಿದ ಕಾಲೇಜುಗಳಲ್ಲಿ ಈಗ ತಂಡದ 10 ಜನಕ್ಕೂ ಕೊಡಬಹುದು. ಜಾಹೀರಾತು ಬೇರೆ ಮಾತು. ಎಫ್-1ನಲ್ಲಿ ಇರುವವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಅಮೆರಿಕದಲ್ಲಿದ್ದುಕೊಂಡು ಹೊರಗಿನ ಕಂಪನಿಗೆ ಫೋಟೋ ತೆಗೆಸಿ, ಪೋಸ್ಟ್ ಹಾಕಿ ದುಡ್ಡು ಪಡೆದರೆ ಅನುಮತಿ ಇಲ್ಲದ ಕೆಲಸ ಅಂತ ಆಗಿ ವೀಸಾಕ್ಕೇ ಕುತ್ತು ಬರಬಹುದು. ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ಆಟಗಾರ, ಕಾಂಗೋದ ಆಸ್ಕರ್ ಶೀಬ್ವೆ, 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿಯೇ ತನ್ನ ಜಾಹೀರಾತು ಕೆಲಸ ಮಾಡಿಕೊಂಡರು. ನಿಮ್ಮ ಹುಡುಗಿ ಯಾವ ಕಾಗದಕ್ಕೂ ಸಹಿ ಹಾಕುವ ಮುಂಚೆ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಇಮೇಲ್ ಬರೆದು ಕೇಳಲಿ, ಉತ್ತರವನ್ನು ತೆಗೆದಿಟ್ಟುಕೊಳ್ಳಲಿ. ಕೋಚ್ "ಪರವಾಗಿಲ್ಲ" ಅಂದದ್ದು ವೀಸಾ ಅಧಿಕಾರಿಯ ಮುಂದೆ ನಡೆಯುವುದಿಲ್ಲ.