ರೆಸಲ್ಯೂಟ್–ಗ್ರೀಸ್ ಫಿಯೋರ್ಡ್: ವಾಯುಮಾರ್ಗದ ದೂರ ಎಷ್ಟು?

ಕೆನಡಾದ ನುನಾವುಟ್‌ನಲ್ಲಿರುವ ರೆಸಲ್ಯೂಟ್ ಮತ್ತು ಗ್ರೀಸ್ ಫಿಯೋರ್ಡ್ ಊರುಗಳ ನಡುವಿನ ವಾಯುಮಾರ್ಗದ ದೂರವನ್ನು ಕೇಳಿದ್ದೀರಿ. ಗೋಡೆಯ ಭೂಪಟದಲ್ಲಿ ಅಳೆದಾಗ ತಮಗೆ 1500 ಕಿಲೋಮೀಟರ್ ಬಂದಿದೆ. ನಿಜವಾದ ನೇರ ದೂರ ಸುಮಾರು 380 ಕಿಲೋಮೀಟರ್ ಮಾತ್ರ. ತಾವು ಅಳೆದದ್ದರಲ್ಲಿ ದೋಷವಿಲ್ಲ, ಗೋಡೆಯ ಭೂಪಟಗಳಲ್ಲಿ ಬಳಸುವ ಮರ್ಕೇಟರ್ ಎಂಬ ಬಗೆಯ ನಕ್ಷೆಯ ಸ್ವಭಾವವೇ ಹಾಗೆ: ಸಮಭಾಜಕ ವೃತ್ತದಲ್ಲಿ 111 ಕಿಲೋಮೀಟರ್ ಇರುವ ಒಂದು ಡಿಗ್ರಿ ರೇಖಾಂಶದ ಅಂತರವು 75 ಡಿಗ್ರಿ ಉತ್ತರದಲ್ಲಿ 29ಕ್ಕೆ ಕುಗ್ಗಿದರೂ ಆ ನಕ್ಷೆ ಅದನ್ನು ಅಷ್ಟೇ ಅಗಲವಾಗಿ ತೋರಿಸುವುದರಿಂದ, ಅಲ್ಲಿನ ದೂರಗಳೆಲ್ಲ ಸುಮಾರು ನಾಲ್ಕು ಪಟ್ಟು ಹಿಗ್ಗಿ ಕಾಣುತ್ತವೆ. ಗ್ಲೋಬಿನ ಮೇಲೆ ದಾರ ಹಿಡಿದು ದಯವಿಟ್ಟು ಒಮ್ಮೆ ಅಳೆದು ನೋಡಿ. ಈ ಎರಡು ಊರುಗಳನ್ನು ಜೋಡಿಸುವ ರಸ್ತೆಯಿಲ್ಲ, ಟ್ವಿನ್ ಆಟರ್‌ನಂಥ ಪುಟ್ಟ ವಿಮಾನವೇ ಆಸರೆ. ಗ್ರೀಸ್ ಫಿಯೋರ್ಡ್‌ನ ಜಲ್ಲಿಯ ರನ್‌ವೇ ಬೆಟ್ಟಗಳ ಬುಡದಲ್ಲಿ ಬಹಳ ಗಿಡ್ಡವಾಗಿರುವುದರಿಂದ, ಹವೆ ಕೆಟ್ಟಾಗ ಈ ಅಲ್ಪ ದೂರಕ್ಕೂ ಕಾಯಬೇಕಾಗುತ್ತದೆ.