ಜಾಗ ಬರೆದುಕೊಡುವ ಮೊದಲು ಆ ಒಂದು ಸಾಲು ಬರೆಸಿ

ತಾಯಿ ಮಂಜೇಶ್ವರದಲ್ಲಿ, ಮಗ ಮಂಗಳೂರಿನಲ್ಲಿ. ಮಗ ನೋಡಿಕೊಳ್ಳದಿದ್ದರೆ ತಾಯಿ ಕೇರಳದಲ್ಲಿ ದೂರು ಕೊಡಬೇಕೋ ಕರ್ನಾಟಕದಲ್ಲೋ ಅಂತ ಕೇಳಿದ್ದೀರಿ. ಎಲ್ಲಿ ಬೇಕಾದರೂ ಕೊಡಬಹುದು. ಹೆತ್ತವರ, ಹಿರಿಯ ನಾಗರಿಕರ ಪೋಷಣೆಗೆಂದೇ 2007ರಲ್ಲಿ ಬಂದ ಕೇಂದ್ರದ ಕಾಯ್ದೆಯೊಂದಿದೆ, ಎರಡೂ ರಾಜ್ಯಕ್ಕೆ ಅದೇ. ತಾಯಿ ಇರುವಲ್ಲೂ ಅರ್ಜಿ ಹಾಕಬಹುದು, ಮಗ ಇರುವಲ್ಲೂ ಹಾಕಬಹುದು. ಅದನ್ನು ವಿಚಾರಿಸುವ ಟ್ರಿಬ್ಯೂನಲ್ ಅಂದರೆ ಕೇರಳದ ಗಡಿಯ ನಮ್ಮಲ್ಲಿ ಕಂದಾಯ ಅಧಿಕಾರಿಯಾದ ಆರ್‌ಡಿಒ, ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಅಸಿಸ್ಟೆಂಟ್ ಕಮಿಷನರ್. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ವಕೀಲರನ್ನು ಇಡಲೇಬೇಕೆಂದಿಲ್ಲ.

ಆದರೆ ಇಲ್ಲಿನ ಹಿರಿಯರಿಗೆ ದೊಡ್ಡ ಪೆಟ್ಟು ಬೀಳುವುದು ಜಾಗದ ವಿಷಯದಲ್ಲಿ. ನಮ್ಮ ಕಡೆಯ ಎಷ್ಟೋ ಅಜ್ಜ ಅಜ್ಜಿಯರು ಓದಿದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಜಾಗದ ಆಧಾರ, ಅಂದರೆ ನೋಂದಣಿ ಪತ್ರ, ಮಾತ್ರ ಮಲಯಾಳದಲ್ಲಿ. ನಮ್ಮ ನೆರೆಮನೆಯ ದೊಡ್ಡಮ್ಮ ಅಡಿಕೆ ತೋಟವನ್ನು ಮಗನಿಗೆ ಬರೆದುಕೊಟ್ಟ ಆಧಾರವನ್ನು ನಾನು ನೋಡಿದ್ದೇನೆ. ಪುಟದ ತುಂಬ ಮಲಯಾಳ, ಅಡಿಯಲ್ಲಿ ಅವರ ಕನ್ನಡ ಸಹಿ, ಗುಂಡಗಿನ ಅಕ್ಷರ. "ಕೊನೆವರೆಗೆ ನೋಡ್ಕೊಳ್ತೇನೆ ಅಂತ ಹೇಳಿದ್ದಾನಲ್ಲ, ಇನ್ನೇನು ಬರೆಸೋದು" ಅಂದಿದ್ದರು. ಪ್ರೀತಿಯಿಂದ ಕೊಟ್ಟಿದ್ದೇನೆ ಎಂದಷ್ಟೇ ಅದರಲ್ಲಿತ್ತು, ನೋಡಿಕೊಳ್ಳುವ ಮಾತು ಎಲ್ಲೂ ಇರಲಿಲ್ಲ. ಈಗ ಅವರು ಮಗಳ ಮನೆಯಲ್ಲಿದ್ದಾರೆ.

ಆ ಮಾತು ಯಾಕೆ ಅಷ್ಟು ಮುಖ್ಯ ಅಂದರೆ, ಕಾಯ್ದೆಯ 23ನೇ ಸೆಕ್ಷನ್ ನಿಂತಿರುವುದೇ ಅದರ ಮೇಲೆ. ಊಟ, ಮದ್ದು, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ತೆಗೆದುಕೊಂಡವರು ಕೈಬಿಟ್ಟರೆ, ಆ ಆಧಾರವನ್ನೇ ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸದಿದ್ದರೆ ಈ ಸೆಕ್ಷನ್ ನೆರವಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಬ್ಬ ತಾಯಿಯ ಕೇಸಿನಲ್ಲಿ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಓದಬೇಕು, ಜಾಗವನ್ನು ವಾಪಸ್ ವಶಕ್ಕೆ ಕೊಡಿಸುವ ಅಧಿಕಾರವೂ ಟ್ರಿಬ್ಯೂನಲ್‌ಗೆ ಇದೆ ಎಂದಿತು. ಆ ಕೇಸಿನಲ್ಲಿ ಮಗ ನೋಡಿಕೊಳ್ಳುವ ಮಾತನ್ನು ಬರೆದುಕೊಟ್ಟಿದ್ದ. ಬಾಯಿಮಾತನ್ನು ಸಾಬೀತು ಮಾಡಲು ಎಪ್ಪತ್ತು ದಾಟಿದವರು ಕಚೇರಿ ಅಲೆಯಬೇಕಾ? ಆಧಾರದಲ್ಲಿ ಒಂದು ಸಾಲು ಬರೆಸಲು ಐದು ನಿಮಿಷ ಸಾಕು.

ಹಾಗಾಗಿ ನಮ್ಮೂರಿನ ಹಿರಿಯರಿಗೆ ನಾನು ಹೇಳುವುದಿಷ್ಟೇ. ಕರಡನ್ನು ಮನೆಗೆ ತನ್ನಿ. ಜಾಗ ಪಡೆಯುವವರನ್ನು ಬಿಟ್ಟು ಬೇರೆ ಯಾರಿಂದಲಾದರೂ ಕನ್ನಡದಲ್ಲಿ ಓದಿಸಿ ಕೇಳಿ. ನೋಡಿಕೊಳ್ಳಬೇಕು ಎಂಬ ಷರತ್ತಿನ ಆ ಸಾಲು ಇಲ್ಲದಿದ್ದರೆ ಸಹಿ ಹಾಕಬೇಡಿ. ಪೆನ್ಷನ್ ಪಾಸ್‌ಬುಕ್, ಎಟಿಎಂ ಕಾರ್ಡ್ ಕೂಡ ನಿಮ್ಮ ಹತ್ತಿರವೇ ಇರಲಿ.

ಈಗಾಗಲೇ ಮೋಸ ಆಗಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರಿಗೆಂದೇ ಇರುವ ಸಹಾಯವಾಣಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು ಎಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಇದೆ.